ನಮ್ಮ ಚಿತ್ರ ನಾವೇ ಮಾಡಿಕೊಂಡಾಗ

ಮನೆಯ ಹಿರಿಯ ಹೆಂಗಸು ತೀರಿಕೊಂಡಾಗ ಗೋಡೆಗೆ ಹಾಕಲು ಒಂದು ಒಳ್ಳೆಯ ಫೋಟೊ ಸಿಗದೆ ಮಕ್ಕಳು ಪರದಾಡುವುದು ಎಷ್ಟೋ ಮನೆಗಳ ಕಥೆ. ಯಾವುದೋ ಮದುವೆಯ ಗ್ರೂಪ್ ಫೋಟೊದಿಂದ ಮುಖವಷ್ಟನ್ನೇ ಕತ್ತರಿಸಿ ದೊಡ್ಡದು ಮಾಡಿಸುತ್ತಾರೆ, ಇಲ್ಲವೇ ಆಧಾರ್ ಕಾರ್ಡಿನ ಚಿತ್ರವೇ ಗತಿ. ಆಕೆ ಕ್ಯಾಮೆರಾ ಕಂಡಾಗಲೆಲ್ಲ "ನಾನ್ಯಾಕೆ, ನೀವು ನಿಂತ್ಕೊಳ್ಳಿ" ಎಂದು ಪಕ್ಕಕ್ಕೆ ಸರಿದಿರುತ್ತಾಳೆ. ದಪ್ಪಗಿದ್ದೇನೆ, ಕಪ್ಪಗಿದ್ದೇನೆ, ಹಲ್ಲು ಮುಂದಿದೆ, ಕೂದಲು ಉದುರಿದೆ, ಉಟ್ಟ ಸೀರೆ ಸರಿಯಿಲ್ಲ. ಕಾರಣಗಳಿಗೇನು ಬರವೇ? ಹೊಟ್ಟೆ ಒಳಗೆಳೆದುಕೊಂಡು ಹಿಂದಿನ ಸಾಲಿನಲ್ಲಿ ಮರೆಯಾಗುವ ಗಂಡಸರೂ ಕಡಿಮೆಯೇನಿಲ್ಲ.

ಇನ್ನೊಂದು ಕಡೆ ಅದೇ ಮನೆಯ ಮೊಮ್ಮಗಳು ಕೂತಲ್ಲೇ ಇಪ್ಪತ್ತು ಸೆಲ್ಫಿ ತೆಗೆದು, ಹತ್ತೊಂಬತ್ತನ್ನು ಅಳಿಸಿ, ಉಳಿದ ಒಂದಕ್ಕೆ ಫಿಲ್ಟರ್ ಹಾಕಿ ಸ್ಟೇಟಸ್‌ಗೆ ಏರಿಸುತ್ತಾಳೆ. ಮೇಲ್ನೋಟಕ್ಕೆ ಅಜ್ಜಿಗೂ ಮೊಮ್ಮಗಳಿಗೂ ಹೋಲಿಕೆಯೇ ಇಲ್ಲ. ಆದರೆ ಇಬ್ಬರಿಗೂ ಕ್ಯಾಮೆರಾ ಎಂದರೆ ಹೆಣ್ಣು ನೋಡಲು ಬಂದ ಗಂಡಿನ ಕಡೆಯವರಿದ್ದಂತೆ. ಒಬ್ಬಳು ಒಳಮನೆಯಲ್ಲಿ ಅವಿತಳು, ಇನ್ನೊಬ್ಬಳು ಅಲಂಕರಿಸಿಕೊಂಡು ಬಂದು ಕೂತಳು.

ಇವೆರಡೂ ಅಲ್ಲದ ಮೂರನೆಯ ದಾರಿಯನ್ನು ಚಿತ್ರಕಾರರು ಬಹಳ ಹಿಂದೆಯೇ ಕಂಡುಕೊಂಡಿದ್ದರು. 1886ರಲ್ಲಿ ಪ್ಯಾರಿಸ್ಸಿಗೆ ಬಂದ ವಿನ್ಸೆಂಟ್ ವ್ಯಾನ್ ಗೋಗ್ ಬಳಿ ಮಾಡೆಲ್‌ಗಳಿಗೆ ಕೊಡಲು ದುಡ್ಡಿರಲಿಲ್ಲ. ಕನ್ನಡಿ ಎದುರಿಟ್ಟುಕೊಂಡು ತನ್ನನ್ನೇ ಬರೆಯತೊಡಗಿದ. ಅವನ ಸುಮಾರು 35 ಸ್ವಚಿತ್ರಗಳಲ್ಲಿ ಹೆಚ್ಚಿನವು ಅಲ್ಲಿದ್ದ ಎರಡು ವರ್ಷಗಳವು. ಚೆನ್ನಾಗಿ ಕಾಣುತ್ತೇನೆಯೇ ಎಂಬ ಚಿಂತೆ ಆ ಚಿತ್ರಗಳಲ್ಲಿ ಕಾಣುವುದಿಲ್ಲ. ಕೆಂಪು ಗಡ್ಡದ ಪಕ್ಕ ಯಾವ ಹಸಿರು ಹೊಂದುತ್ತದೆ ಎಂಬ ಹುಡುಕಾಟ ಕಾಣುತ್ತದೆ. ನಿಮ್ಮ ಮೈಯನ್ನು ಪ್ರೀತಿಸಿ ಎಂಬ ಉಪದೇಶವನ್ನು ಎಲ್ಲರೂ ಕೇಳಿ ದಣಿದಿದ್ದೇವೆ. ಪ್ರೀತಿ ಅಪ್ಪಣೆ ಕೊಟ್ಟರೆ ಬರುವಂಥದ್ದಲ್ಲ. ನೋಡುವುದನ್ನು ಮಾತ್ರ ಕಲಿಯಬಹುದು. ಬೆಳಕು, ಗೆರೆ, ಚೌಕಟ್ಟುಗಳಲ್ಲಿ ಕೈ ತೊಡಗಿದಾಗ ತೀರ್ಪು ಹೇಳುವ ಒಳದನಿ ಸ್ವಲ್ಪ ಹೊತ್ತು ಬಾಯಿ ಮುಚ್ಚಿಕೊಂಡಿರುತ್ತದೆ. ಆ ಸ್ವಲ್ಪ ಹೊತ್ತನ್ನು ಹೇಗೆ ಗಳಿಸುವುದು ಎಂಬುದಕ್ಕೆ ಇಲ್ಲಿದೆ ಕೈಪಿಡಿ.

ಸೆಲ್ಫಿ ಬೇರೆ, ಸ್ವಚಿತ್ರ ಬೇರೆ

ಕೆನಡಾದ ಯಾರ್ಕ್ ವಿಶ್ವವಿದ್ಯಾಲಯದ ಜೆನಿಫರ್ ಮಿಲ್ಸ್ ಮತ್ತು ಸಂಗಡಿಗರು 2018ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಯುವತಿಯರು ಸೆಲ್ಫಿ ತೆಗೆದು ಸಾಮಾಜಿಕ ಜಾಲತಾಣಕ್ಕೆ ಹಾಕಬೇಕಿತ್ತು. ಹಾಕಿದ ಮೇಲೆ ಅವರ ಆತಂಕ ಹೆಚ್ಚಿತ್ತು, ಆತ್ಮವಿಶ್ವಾಸ ಕುಗ್ಗಿತ್ತು. ಎಷ್ಟು ಸಲ ಬೇಕಾದರೂ ತೆಗೆದು, ತಿದ್ದಿ, ಚಂದ ಮಾಡಿ ಹಾಕಲು ಅವಕಾಶ ಪಡೆದವರೂ ಇದರಿಂದ ತಪ್ಪಿಸಿಕೊಳ್ಳಲಿಲ್ಲ.

ಇದಕ್ಕೆ ಎದುರಾಗಿ ನೆದರ್ಲೆಂಡ್ಸಿನ ಜೆಸ್ಸಿಕಾ ಅಲೆವಾ ಮತ್ತು ಸಂಗಡಿಗರ 2015ರ ಪ್ರಯೋಗ ನೋಡಿ. ಯುವತಿಯರಿಗೆ ಅವರು ಕೊಟ್ಟದ್ದು ಬರೆಯುವ ಕೆಲಸ: ನನ್ನ ಮೈ ಏನೇನು ಮಾಡಬಲ್ಲದು, ಅದು ನನಗೇಕೆ ಮುಖ್ಯ. ನಡೆಯುವುದು, ಅಪ್ಪಿಕೊಳ್ಳುವುದು, ಅರಗಿಸುವುದು, ಹಾಡುವುದು, ನಿದ್ರಿಸುವುದು ಎಲ್ಲವೂ ಇದರಲ್ಲಿ ಸೇರಿತ್ತು. ಹೀಗೆ ಬರೆದವರಿಗೆ ತಮ್ಮ ಮೈಯ ಬಗ್ಗೆ ಸಮಾಧಾನ ಹೆಚ್ಚಿತು.

ಈ ಎರಡರಿಂದ ನಮ್ಮ ಅಭ್ಯಾಸಕ್ಕೆ ಎರಡು ನಿಯಮಗಳನ್ನು ಮಾಡಿಕೊಳ್ಳೋಣ. ಒಂದು, ತೆಗೆದ ಚಿತ್ರ ಆ ದಿನ ಯಾರಿಗೂ ಹೋಗಬಾರದು; ಸ್ಟೇಟಸ್‌ಗೂ ಇಲ್ಲ, ಅಕ್ಕತಂಗಿಯರ ಗ್ರೂಪಿಗೂ ಇಲ್ಲ. ಎರಡು, ಮೈ ಹೇಗೆ ಕಾಣುತ್ತದೆ ಎಂಬುದಕ್ಕಿಂತ ಏನು ಮಾಡುತ್ತಿದೆ ಎಂಬುದು ಚಿತ್ರದ ವಸ್ತುವಾಗಬೇಕು.

ಕ್ಯಾಮೆರಾ ಹೇಳುವ ಸುಳ್ಳುಗಳು

ಫೋಟೊದಲ್ಲಿ ಕಂಡ ಮೂಗಿಗೆ ಬೇಸರ ಪಡುವ ಮೊದಲು ಫೋನನ್ನು ಎಷ್ಟು ದೂರ ಹಿಡಿದಿರಿ ಎಂದು ನೋಡಿ. ಹತ್ತಿರದ ವಸ್ತು ದೊಡ್ಡದಾಗಿ, ದೂರದ್ದು ಚಿಕ್ಕದಾಗಿ ಕಾಣುವುದು ಕಣ್ಣಿಗೂ ಲೆನ್ಸಿಗೂ ಒಂದೇ. ಮುಖಕ್ಕೆ ತೀರ ಹತ್ತಿರ ಹಿಡಿದರೆ ಕಿವಿಗಿಂತ ಮೂಗು ಎಷ್ಟೋ ಸಮೀಪವಿರುವುದರಿಂದ ಅದು ಉಬ್ಬುತ್ತದೆ. 30 ಸೆಂ.ಮೀ. ದೂರದ ಸೆಲ್ಫಿಯಲ್ಲಿ ಮೂಗು ಸುಮಾರು ಶೇ 30ರಷ್ಟು ಅಗಲವಾಗಿ ಕಾಣುತ್ತದೆ, ಒಂದೂವರೆ ಮೀಟರ್ ದೂರದಿಂದ ತೆಗೆದರೆ ಹೆಚ್ಚುಕಡಿಮೆ ಇರುವಂತೆಯೇ ಬರುತ್ತದೆ ಎಂದು ಅಮೆರಿಕದ ವೈದ್ಯರು 2018ರಲ್ಲಿ ಲೆಕ್ಕ ಹಾಕಿ ತೋರಿಸಿದರು. ಮೂಗು ಸಣ್ಣದು ಮಾಡಿಸಿಕೊಳ್ಳಲು ಸೆಲ್ಫಿ ಹಿಡಿದು ಬರುವವರಿಗೆ ಉತ್ತರ ಕೊಡಲೆಂದೇ ಹುಟ್ಟಿದ ಲೆಕ್ಕ ಅದು.

ಎರಡನೆಯದು ಕನ್ನಡಿಯ ಅಭ್ಯಾಸ. ನಮ್ಮ ಮುಖವನ್ನು ನಾವು ಜೀವಮಾನವಿಡೀ ಎಡಬಲ ತಿರುಗಿದ ರೂಪದಲ್ಲೇ ನೋಡಿರುತ್ತೇವೆ. 1977ರಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ನಡೆದ ಪ್ರಯೋಗದಲ್ಲಿ ಹೆಚ್ಚಿನವರು ತಮ್ಮ ಕನ್ನಡಿರೂಪದ ಫೋಟೊವನ್ನೇ ಮೆಚ್ಚಿದರು. ಅವರ ಆಪ್ತರು ಮೆಚ್ಚಿದ್ದು ಕನ್ನಡಿಯಿಲ್ಲದ ನೇರರೂಪವನ್ನು. ಇಬ್ಬರೂ ತಮಗೆ ರೂಢಿಯಾದ ಮುಖವನ್ನು ಆರಿಸಿಕೊಂಡಿದ್ದರು ಅಷ್ಟೇ. ಆದ್ದರಿಂದ ಬೇರೆಯವರು ತೆಗೆದ ಫೋಟೊದಲ್ಲಿ ನಿಮ್ಮ ಮುಖ "ಏನೋ ಸೊಟ್ಟಗಿದೆ" ಅನ್ನಿಸಿದರೆ ಅದು ಸೊಟ್ಟವಲ್ಲ, ಅಪರಿಚಿತ.

ಮೂರನೆಯದು ಫೋನಿನೊಳಗಿನ ಬ್ಯೂಟಿ ಮೋಡ್. ಎಷ್ಟೋ ಫೋನುಗಳು ಕೇಳದೆಯೇ ಚರ್ಮ ನುಣುಪು ಮಾಡಿ, ಬಣ್ಣ ತಿಳಿಗೊಳಿಸಿಬಿಡುತ್ತವೆ. ಜಾಹೀರಾತಿನಲ್ಲಿ ರೂಪದರ್ಶಿಯ ಮೈಯಳತೆ ತಿದ್ದಿದ್ದರೆ ಅದನ್ನು ಚಿತ್ರದ ಮೇಲೆಯೇ ನಮೂದಿಸಬೇಕೆಂದು ಫ್ರಾನ್ಸ್ 2017ರಲ್ಲಿ ಕಡ್ಡಾಯ ಮಾಡಿತು. ನಾರ್ವೆಯಲ್ಲಿ ಅಂಥದೇ ಕಾನೂನು 2022ರಲ್ಲಿ ಜಾರಿಗೆ ಬಂತು. ನಿಮ್ಮ ಕೈಯ ಕಾನೂನು ಇನ್ನೂ ಸುಲಭ: ಸೆಟ್ಟಿಂಗ್ಸ್‌ಗೆ ಹೋಗಿ ಆ ಸೌಲಭ್ಯವನ್ನು ಆಫ್ ಮಾಡಿ.

ನಾಲ್ಕನೆಯದು ಕಪ್ಪು ಮೈಬಣ್ಣಕ್ಕೆ ಆಗುವ ಅನ್ಯಾಯ. ಫಿಲ್ಮ್ ಕಾಲದಲ್ಲಿ ಕೊಡಕ್ ಕಂಪನಿ ಪ್ರಿಂಟಿನ ಬಣ್ಣ ಸರಿಹೊಂದಿಸಲು ಲ್ಯಾಬ್‌ಗಳಿಗೆ ಕಳಿಸುತ್ತಿದ್ದ ಮಾದರಿ ಕಾರ್ಡಿನಲ್ಲಿ ದಶಕಗಳ ಕಾಲ ಇದ್ದದ್ದು ಬಿಳಿಯ ಹೆಣ್ಣಿನ ಮುಖ. ಇಂದಿನ ಫೋನು ಅದಕ್ಕಿಂತ ಜಾಣ, ಆದರೂ ಹಿನ್ನೆಲೆಯಲ್ಲಿ ಬೆಳ್ಳನೆಯ ಗೋಡೆ ಇದ್ದರೆ ಒಟ್ಟು ಬೆಳಕನ್ನು ತಗ್ಗಿಸಿ ಮುಖವನ್ನು ಮಸುಕು ಮಾಡಿಬಿಡಬಹುದು. ಸುಣ್ಣ ಬಳಿದ ಗೋಡೆ ಬಿಟ್ಟು ಮರದ ಬಾಗಿಲು, ಗಾಢ ಬಣ್ಣದ ಸೀರೆ, ಹಸಿರು ಗಿಡದ ಮುಂದೆ ಕೂತು ನೋಡಿ. ಪರದೆಯ ಮೇಲೆ ನಿಮ್ಮ ಕೆನ್ನೆಯನ್ನು ಒತ್ತಿ ಅಲ್ಲಿಗೆ ಬೆಳಕು ಹೊಂದಿಸಿಕೊಳ್ಳಿ. ಟ್ಯೂಬ್‌ಲೈಟ್ ಆರಿಸಿ ಕಿಟಕಿಗೆ ಪಕ್ಕವಾಗಿ ಕೂರಿ. ಓರೆ ಬೆಳಕಿನಲ್ಲಿ ಕಪ್ಪು ಚರ್ಮಕ್ಕೆ ಬರುವ ಹೊಳಪನ್ನು ಯಾವ ಕ್ರೀಮೂ ಕೊಡಲಾರದು.

ಸಲಕರಣೆ ಮನೆಯಲ್ಲೇ ಇದೆ

ಟ್ರೈಪಾಡ್ ಇಲ್ಲದಿದ್ದರೆ ಅಕ್ಕಿ ತುಂಬಿದ ದೊಡ್ಡ ಲೋಟದಲ್ಲಿ ಫೋನನ್ನು ನಾಟಿ ನಿಲ್ಲಿಸಿ. ಎತ್ತರ ನಿಮ್ಮ ಎದೆಯ ಮಟ್ಟಕ್ಕಿರಲಿ. ಮುಂದಿನ ಕ್ಯಾಮೆರಾ ಬಿಟ್ಟು ಹಿಂದಿನದನ್ನು ಬಳಸಿ. ಅದರ ಗುಣಮಟ್ಟ ಸಾಮಾನ್ಯವಾಗಿ ಹೆಚ್ಚು, ಮೇಲಾಗಿ ತೆಗೆಯುವಾಗ ಪರದೆ ಕಾಣದಿರುವುದರಿಂದ ಮುಖ ತಿದ್ದಿಕೊಳ್ಳುವ ಚಟವೂ ತಪ್ಪುತ್ತದೆ. ಲೆನ್ಸನ್ನು ಹತ್ತಿಬಟ್ಟೆಯಲ್ಲಿ ಒರೆಸಿ. ನೀವು ಕೂರುವ ಜಾಗದಲ್ಲಿ ಮೊದಲು ದಿಂಬು ಇಟ್ಟು, ಪರದೆಯ ಮೇಲೆ ಅದನ್ನು ಒತ್ತಿ ಹಿಡಿದರೆ ಎಷ್ಟೋ ಫೋನುಗಳಲ್ಲಿ ಫೋಕಸ್ ಅಲ್ಲೇ ನಿಲ್ಲುತ್ತದೆ. ಟೈಮರ್ 10 ಸೆಕೆಂಡಿಗೆ ಇಟ್ಟು, ಹೋಗಿ ದಿಂಬಿನ ಜಾಗದಲ್ಲಿ ಕೂರಿ. ಓಡಾಟ ಬೇಸರವಾದರೆ ವಿಡಿಯೊ ಹಾಕಿಟ್ಟು ಆಮೇಲೆ ಬೇಕಾದ ಚೌಕಟ್ಟನ್ನು ಸ್ಕ್ರೀನ್‌ಶಾಟ್ ತೆಗೆದುಕೊಳ್ಳಬಹುದು.

1839ರಲ್ಲಿ ಫಿಲಡೆಲ್ಫಿಯಾದ ರಾಬರ್ಟ್ ಕಾರ್ನೀಲಿಯಸ್ ಕ್ಯಾಮೆರಾದ ಮುಚ್ಚಳ ತೆಗೆದು, ಅದರೆದುರು ಓಡಿ ಬಂದು, ಅಲುಗಾಡದೆ ಕೂತು ತನ್ನ ಚಿತ್ರ ತೆಗೆದುಕೊಂಡ. ಉಳಿದಿರುವ ಅತಿ ಹಳೆಯ ಸ್ವಚಿತ್ರ ಫೋಟೊಗಳಲ್ಲಿ ಅದೂ ಒಂದು. ಕೂದಲು ಕೆದರಿದೆ, ಚೌಕಟ್ಟಿನ ನಡುವೆಯೂ ಸರಿಯಾಗಿ ಕೂತಿಲ್ಲ. ಈಗಲೂ ಜನ ಅದನ್ನು ನೋಡುತ್ತಾರೆ.

ಆರು ಅಭ್ಯಾಸಗಳು

*1. ನೆರಳಿನಿಂದ ಶುರು.* ಮುಖ ತೋರಿಸಲು ಸಂಕೋಚವಿದ್ದರೆ ತೋರಿಸಬೇಡಿ. ಷಿಕಾಗೊದಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಆಯಾ ಆಗಿ ದುಡಿದ ವಿವಿಯನ್ ಮೇಯರ್ ಒಂದು ಲಕ್ಷಕ್ಕೂ ಹೆಚ್ಚು ನೆಗೆಟಿವ್‌ಗಳನ್ನು ಬಿಟ್ಟುಹೋದಳು. ಅವು ಹೊರಬಿದ್ದದ್ದು 2007ರಲ್ಲಿ, ಹರಾಜಿನಲ್ಲಿ. ಅವುಗಳಲ್ಲಿ ಆಕೆ ಅಂಗಡಿಯ ಗಾಜಿನಲ್ಲಿ, ಕನ್ನಡಿ ಚೂರಿನಲ್ಲಿ, ಹುಲ್ಲಿನ ಮೇಲೆ ಬಿದ್ದ ಉದ್ದನೆಯ ನೆರಳಾಗಿ ಮತ್ತೆಮತ್ತೆ ಸಿಗುತ್ತಾಳೆ. ಬೆಳಗ್ಗೆ ಎಂಟರೊಳಗೆ, ಸಂಜೆ ಐದರ ನಂತರ ಅಂಗಳದಲ್ಲೋ ತಾರಸಿಯಲ್ಲೋ ನಿಮ್ಮ ನೆರಳನ್ನು ಹಿಡಿಯಿರಿ. ಸ್ಟೀಲ್ ಬಿಂದಿಗೆಯ ಹೊಟ್ಟೆ, ಬಸ್ಸಿನ ಕಿಟಕಿ, ನೀರು ನಿಂತ ಗುಂಡಿ, ಎಲ್ಲವೂ ಕನ್ನಡಿಯೇ.

*2. ಕೈಗಳು.* ರೊಟ್ಟಿ ತಟ್ಟುವ, ಹೂ ಕಟ್ಟುವ, ಕೀಬೋರ್ಡ್ ಒತ್ತುವ, ಸ್ಪ್ಯಾನರ್ ತಿರುಗಿಸುವ ನಿಮ್ಮದೇ ಕೈಗಳನ್ನು ಕೆಲಸದ ನಡುವೆ ತೆಗೆಯಿರಿ. ಚಿತ್ರದ ಕೆಳಗೆ ಮೂರು ವಾಕ್ಯ ಬರೆಯಿರಿ: ಈ ಕೈ ಇವತ್ತು ಏನು ಮಾಡಿತು, ಯಾರಿಂದ ಕಲಿತದ್ದು, ಎಲ್ಲಿ ನೋಯುತ್ತದೆ. ಅಲೆವಾ ಪ್ರಯೋಗದ ಮನೆಪಾಠ ಇದು.

*3. ಕಾಗದ ನೋಡದ ಗೆರೆ.* ಚಿತ್ರ ಬರೆಯಲು ಬಾರದವರಿಗೇ ಇದು ಹೆಚ್ಚು ಒಗ್ಗುತ್ತದೆ. ಕನ್ನಡಿಯ ಮುಂದೆ ಕೂತು ಪೆನ್ಸಿಲನ್ನು ಕಾಗದದ ಮೇಲಿಡಿ. ಕಣ್ಣು ಮುಖದ ಅಂಚಿನ ಮೇಲೆ ಇರುವೆಯ ವೇಗದಲ್ಲಿ ಸರಿಯಲಿ, ಪೆನ್ಸಿಲೂ ಅದೇ ವೇಗದಲ್ಲಿ ಸರಿಯಲಿ. ಮುಗಿಯುವವರೆಗೆ ಕಾಗದದ ಕಡೆ ನೋಡಬಾರದು. ಅಮೆರಿಕದ ಕಲಾಶಿಕ್ಷಕ ಕೀಮನ್ ನಿಕೊಲಾಯ್ಡಿಸ್ ಅವರ 1941ರ ಪಠ್ಯದಿಂದ ಪ್ರಸಿದ್ಧವಾದ ಈ ವಿಧಾನವನ್ನು ಕಲಾಶಾಲೆಗಳಲ್ಲಿ ಇಂದಿಗೂ ಕಲಿಸುತ್ತಾರೆ. ಕಣ್ಣು ಹಣೆಯ ಮೇಲೆ, ಬಾಯಿ ಕಿವಿಯ ಹತ್ತಿರ ಬಂದಿರುತ್ತದೆ. ನಗು ಬರುತ್ತದೆ. ತನ್ನ ಮುಖ ನೋಡಿ ಕೊರಗದೆ ನಗುವುದೇ ಈ ಅಭ್ಯಾಸದ ಗಳಿಕೆ.

*4. ವೇಷ.* ಬೆಂಗಳೂರಿನ ಪುಷ್ಪಮಾಲಾ ಎನ್. ಶಿಲ್ಪಿಯಾಗಿ ಕಲಿತವರು. 1990ರ ದಶಕದ ನಡುಭಾಗದಿಂದ ತಮ್ಮ ಮೈಯನ್ನೇ ಮಾಧ್ಯಮ ಮಾಡಿಕೊಂಡರು. ಛಾಯಾಗ್ರಾಹಕಿ ಕ್ಲೇರ್ ಆರ್ನಿ ಜೊತೆ 2000ದಿಂದ 2004ರವರೆಗೆ ಮಾಡಿದ ದಕ್ಷಿಣ ಭಾರತದ ಹೆಂಗಸರ ಕುರಿತ ಸರಣಿಯಲ್ಲಿ ಅವರು ರವಿವರ್ಮನ ಲಕ್ಷ್ಮಿಯಾಗುತ್ತಾರೆ. ವಸಾಹತು ಕಾಲದ ಮಾನವಶಾಸ್ತ್ರಜ್ಞರು ಬುಡಕಟ್ಟಿನ ಹೆಣ್ಣನ್ನು ಚೌಕುಳಿ ಪರದೆಯ ಮುಂದೆ ನಿಲ್ಲಿಸಿ ಅಳೆದಂತೆ ತಾವೂ ನಿಲ್ಲುತ್ತಾರೆ. ಹೆಣ್ಣಿನ ಮೈಗೆ ಅಳತೆಗೋಲು ಹಿಡಿದವರು ಯಾರು ಎಂಬ ಪ್ರಶ್ನೆಯನ್ನು ಅವರ ವೇಷವೇ ಕೇಳುತ್ತದೆ. ನೀವು ಟ್ರಂಕಿನಲ್ಲಿರುವ ಅಜ್ಜಿಯ ಇಳಕಲ್ ಸೀರೆ, ಅಪ್ಪನ ಕೋಟು, ಮಗನ ಕ್ರಿಕೆಟ್ ಜೆರ್ಸಿ ತೊಟ್ಟು ನೋಡಿ. ಹಳೆಯ ಸ್ಟುಡಿಯೊ ಫೋಟೊ ಒಂದರ ಭಂಗಿಯನ್ನು ಹಾಗೇ ಮಾಡಿ. "ನಾನು ಹೇಗಿದ್ದೇನೆ" ಎಂಬ ಚಿಂತೆಯ ಜಾಗಕ್ಕೆ "ಇವಳು ಹೇಗೆ ನಿಲ್ಲುತ್ತಿದ್ದಳು" ಎಂಬ ಕುತೂಹಲ ಬಂದು ಕೂರುತ್ತದೆ.

*5. ಗಾಯದ ಗುರುತು.* 1925ರಲ್ಲಿ, 18ನೆಯ ವಯಸ್ಸಿನಲ್ಲಿ, ಬಸ್ ಅಪಘಾತಕ್ಕೆ ಸಿಕ್ಕಿ ಹಾಸಿಗೆ ಹಿಡಿದ ಮೆಕ್ಸಿಕೊದ ಫ್ರೀಡಾ ಕಾಲೊ, ಮಂಚದ ಮೇಲೆ ಕಟ್ಟಿದ ಕನ್ನಡಿಯಲ್ಲಿ ತನ್ನನ್ನು ನೋಡಿಕೊಳ್ಳುತ್ತ ಚಿತ್ರ ಬರೆಯತೊಡಗಿದಳು. ಮುಂದೆ 50ಕ್ಕೂ ಹೆಚ್ಚು ಸ್ವಚಿತ್ರಗಳನ್ನು ಮಾಡಿದಳು. 1944ರ ಒಂದರಲ್ಲಿ ಬೆನ್ನುಮೂಳೆಯ ಜಾಗದಲ್ಲಿ ಬಿರುಕು ಬಿಟ್ಟ ಕಂಬವಿದೆ, ಮೈತುಂಬ ಮೊಳೆಗಳಿವೆ, ನೋಟ ಮಾತ್ರ ನೇರ ನಮ್ಮತ್ತ. ಸಿಸೇರಿಯನ್ ಗೆರೆ, ಹೆರಿಗೆಯ ನಂತರದ ಬರೆಗಳು, ತೊನ್ನಿನ ಮಚ್ಚೆ, ಸುಟ್ಟ ಕಲೆ ಯಾವುದನ್ನಾದರೂ ಇಂಚಿಂಚಾಗಿ ತೀರ ಹತ್ತಿರದಿಂದ ತೆಗೆಯಬಹುದು, ಇಲ್ಲವೇ ಅದರ ಆಕಾರವನ್ನಷ್ಟೇ ಕಾಗದದ ಮೇಲೆ ಬಿಡಿಸಬಹುದು. ಮನಸ್ಸಿಲ್ಲದಿದ್ದರೆ ಈ ಅಭ್ಯಾಸವನ್ನು ಪೂರ್ತಿ ಬಿಟ್ಟುಬಿಡಿ. ತೋರಿಸುವುದೇ ಧೈರ್ಯ ಎಂಬ ನಿಯಮವೇನೂ ಇಲ್ಲ.

*6. ಹುಟ್ಟುಹಬ್ಬಕ್ಕೊಂದು.* ಚಿತ್ರಕಾರ ರೆಂಬ್ರಾಂಟ್ ಇಪ್ಪತ್ತರ ಹರೆಯದಿಂದ 1669ರಲ್ಲಿ ಸಾಯುವವರೆಗೆ ತನ್ನನ್ನು ಬರೆಯುತ್ತಲೇ ಇದ್ದ; ತೈಲಚಿತ್ರ, ಎಚ್ಚಿಂಗ್ ಎಲ್ಲ ಸೇರಿ ಸುಮಾರು 80. ಜೋತ ಕೆನ್ನೆಯನ್ನು ಎಲ್ಲೂ ಎತ್ತಿ ಕಟ್ಟಲಿಲ್ಲ. ಅಮೆರಿಕದ ಆಲಿಸ್ ನೀಲ್ ತನ್ನ ನಗ್ನ ಸ್ವಚಿತ್ರ ಮುಗಿಸಿದ್ದು 1980ರಲ್ಲಿ, 80ನೆಯ ವಯಸ್ಸಿನಲ್ಲಿ. ಪಟ್ಟೆಪಟ್ಟೆ ಕುರ್ಚಿ, ಕೈಯಲ್ಲಿ ಕುಂಚ, ಕಣ್ಣಿಗೆ ಕನ್ನಡಕ, ಇಳಿಬಿದ್ದ ಮೈ. ಕೆಲಸದ ನಡುವೆ ಯಾರೋ ಬಂದು ತಡೆದರೇನೋ ಎಂಬಂತೆ ಕೂತಿದ್ದಾಳೆ. ಪ್ರತಿ ಹುಟ್ಟುಹಬ್ಬಕ್ಕೂ ಅದೇ ಕುರ್ಚಿ, ಅದೇ ಕಿಟಕಿ, ಅದೇ ದೂರದಲ್ಲಿ ಒಂದು ಚಿತ್ರ ತೆಗೆದಿಡಿ.

ದಿನದ ಸುಖವೇ ವಸ್ತು

ಬೇಲೂರಿನ ಚೆನ್ನಕೇಶವ ದೇವಾಲಯ 1117ರದ್ದು. ಅಲ್ಲಿನ ಶಿಲಾಬಾಲಿಕೆಯರ ಮೈಕಟ್ಟು ಶಿಲ್ಪಿಗಳ ಕಲ್ಪನೆಯದು. ಅದಕ್ಕೆ ನಮ್ಮನ್ನು ಹೋಲಿಸಿಕೊಳ್ಳಬೇಕಿಲ್ಲ. ಆದರೆ ಒಂದು ಸಂಗತಿ ಕಲಿಯುವಂತಿದೆ. ಅವರಲ್ಲಿ ಸುಮ್ಮನೆ ಪೋಸ್ ಕೊಟ್ಟು ನಿಂತವರು ಕಡಿಮೆ. ಒಬ್ಬಳು ಕನ್ನಡಿಯಲ್ಲಿ ಮುಳುಗಿದ್ದಾಳೆ, ಒಬ್ಬಳು ಗಿಳಿಯ ಜೊತೆ ಮಾತಿಗಿಳಿದಿದ್ದಾಳೆ, ಇನ್ನೊಬ್ಬಳು ಕುಣಿಯುತ್ತಿದ್ದಾಳೆ. ನೋಡುಗರ ಪರಿವೆಯಿಲ್ಲದೆ ತನ್ನ ಸುಖದಲ್ಲಿರುವ ಮೈಗೆ ಬೇರೆಯೇ ಕಳೆ.

ಅಂಥ ಸುಖಗಳು ನಮ್ಮ ವಾರದಲ್ಲಿ ಬೇಕಾದಷ್ಟಿವೆ. ಎಣ್ಣೆ ಸ್ನಾನದ ದಿನ ಬಿಸಿ ಹರಳೆಣ್ಣೆ ನೆತ್ತಿಗಿಳಿಯುವಾಗ ಕಣ್ಣು ತಾನಾಗಿ ಮುಚ್ಚುತ್ತದೆ. ಸೀಗೆಪುಡಿಯೋ ದಾಸವಾಳದೆಲೆಯ ಲೋಳೆಯೋ ಹಾಕಿ ತೊಳೆದ ಕೂದಲನ್ನು ಬಿಸಿಲಿಗೆ ಹರವಿಕೊಂಡು ಕೂರುವ ಅರ್ಧ ಗಂಟೆಯಿದೆ. ಮಧ್ಯಾಹ್ನದ ಊಟದ ಮೇಲೆ ತಣ್ಣನೆಯ ರೆಡ್ ಆಕ್ಸೈಡ್ ನೆಲಕ್ಕೆ ಚಾಪೆಯಿಲ್ಲದೆ ಬೆನ್ನು ಹಚ್ಚುವುದಿದೆ. ಕೈಗೆ ಕೊಬ್ಬರಿ ಎಣ್ಣೆ ಸವರಿಕೊಂಡು ಹಲಸು ಬಿಡಿಸುವುದಿದೆ. ಹಬೆಯಾಡುವ ಫಿಲ್ಟರ್ ಕಾಫಿ, ಮಳೆ ನಿಂತ ಮೇಲಿನ ಬರಿಗಾಲ ನಡಿಗೆ, ಯಾರಿಲ್ಲದಾಗ ರೇಡಿಯೊ ಹಾಡಿಗೆ ಅಡುಗೆಮನೆಯಲ್ಲಿ ಹಾಕುವ ನಾಲ್ಕು ಹೆಜ್ಜೆಗಳಿವೆ. ಇವುಗಳಲ್ಲಿ ಯಾವುದಕ್ಕೂ ತೆಳ್ಳಗಿರಬೇಕೆಂಬ ಷರತ್ತಿಲ್ಲ.

ಇಲ್ಲೊಂದು ಕಟ್ಟುಪಾಡು: ಸುಖ ಮೊದಲು, ಚಿತ್ರ ಆಮೇಲೆ. ಕಾಫಿ ಆರುವವರೆಗೆ ಕೋನ ಹುಡುಕುತ್ತ ಕೂರಬೇಡಿ. ಅರ್ಧ ಕುಡಿದ ಮೇಲೆ ಫೋನ್ ಎತ್ತಿ. ವಾರಕ್ಕೆ ಒಂದು ಸುಖ, ಒಂದೇ ಚಿತ್ರ ಸಾಕು. ಪ್ರತಿಯೊಂದನ್ನೂ ತೆಗೆಯಲು ಹೊರಟರೆ ಸುಖವೂ ಶೂಟಿಂಗ್ ಆಗಿಬಿಡುತ್ತದೆ. ಚೌಕಟ್ಟಿನಲ್ಲಿ ಇಡೀ ಮೈ ಬರಬೇಕೆಂದೂ ಇಲ್ಲ. ಒದ್ದೆ ಕೂದಲು ಅಂಟಿದ ಕುತ್ತಿಗೆ, ಕೆಸರು ಮೆತ್ತಿದ ಪಾದ, ಲೋಟ ಹಿಡಿದ ಬೆರಳು ಇವೂ ನೀವೇ.

ತೆಗೆದ ಮೇಲೆ

ಚಿತ್ರವನ್ನು ಆ ಕ್ಷಣ ನೋಡಬೇಡಿ, ಅಳಿಸಲೂ ಬೇಡಿ. ಒಂದು ವಾರ ಬಿಟ್ಟು ತೆರೆಯಿರಿ. ಆಗ ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆ ಬೆಳಕಿನ ಬಗ್ಗೆ: ಎಲ್ಲಿಂದ ಬಂದಿದೆ, ಎಲ್ಲಿ ಬಿದ್ದಿದೆ? ಎರಡನೆಯದು ಚೌಕಟ್ಟಿನ ಬಗ್ಗೆ: ಬೇಡದ್ದೇನಿದೆ, ಏನು ಕತ್ತರಿಸಿಹೋಗಿದೆ? ಮೂರನೆಯದು ಮೈಯ ಬಗ್ಗೆ: ಅದು ಏನು ಮಾಡುತ್ತಿದೆ? ಹೊಟ್ಟೆ ಕಾಣುತ್ತಿದೆಯೇ ಎಂಬ ಪ್ರಶ್ನೆ ನಾಲ್ಕನೆಯದಾಗಿ ಬಂದರೆ ಬರಲಿ. ಮೊದಲ ಮೂರಕ್ಕೆ ಉತ್ತರ ಹುಡುಕುವಷ್ಟರಲ್ಲಿ ಅದರ ಮೊನೆ ಮೊಂಡಾಗಿರುತ್ತದೆ.

ತಿಂಗಳಿಗೆ ಒಂದನ್ನು ಆರಿಸಿ ಪ್ರಿಂಟ್ ಹಾಕಿಸಿ. ಹಿಂಬದಿಯಲ್ಲಿ ತಾರೀಖು, ಜಾಗ, ಒಂದು ಸಾಲು ಬರೆದು ಆಲ್ಬಮ್ಮಿಗೋ ಬಿಸ್ಕತ್ತಿನ ಡಬ್ಬಿಗೋ ಹಾಕಿಡಿ. ಫೋನಿನಲ್ಲಿ ಸಾವಿರಾರು ಚಿತ್ರಗಳ ನಡುವೆ ಕಳೆದುಹೋಗುವುದು ಕೈಯಲ್ಲಿ ಹಿಡಿದಾಗ ಉಳಿಯುತ್ತದೆ.

ಯಾರಿಗಾದರೂ ತೋರಿಸಬೇಕೆನಿಸಿದರೆ ನಂಬಿಕಸ್ತರೊಬ್ಬರನ್ನು ಆರಿಸಿಕೊಳ್ಳಿ. ತೋರಿಸಿಕೊಂಡವರಿಗೂ ಒಂದು ಮಾತು: "ಅಯ್ಯೋ ಇಳಿದುಹೋಗಿದ್ದೀಯಲ್ಲೇ", "ಇದರಲ್ಲಿ ಸ್ವಲ್ಪ ಬೆಳ್ಳಗೆ ಬಂದಿದ್ದೀಯ" ಎಂಬವು ನಮ್ಮಲ್ಲಿ ಅಕ್ಕರೆಯ ಮಾತುಗಳಾಗಿ ಚಲಾವಣೆಯಲ್ಲಿವೆ. ಹೊಗಳಿಕೆಯಾದರೂ ಅದು ತೂಕದ ಲೆಕ್ಕ, ಬಣ್ಣದ ಲೆಕ್ಕ. ಬದಲಿಗೆ "ಈ ಬೆಳಕು ಯಾವ ಹೊತ್ತಿನದು?" ಎಂದು ಕೇಳಿ ನೋಡಿ. ಮಾತು ಎಲ್ಲಿಂದ ಎಲ್ಲಿಗೋ ಹೋಗುತ್ತದೆ.

ಎಚ್ಚರಿಕೆ

* ಫೋನ್ ಕ್ಯಾಮೆರಾದಲ್ಲಿ ಲೊಕೇಶನ್ ಆಫ್ ಮಾಡಿ. ಇಲ್ಲದಿದ್ದರೆ ಚಿತ್ರದೊಳಗೆ ಮನೆಯ ಜಾಗವೂ ದಾಖಲಾಗುತ್ತದೆ.
* ಖಾಸಗಿ ಚಿತ್ರಗಳನ್ನು ಪಾಸ್‌ವರ್ಡ್ ಇರುವ ಫೋಲ್ಡರಿನಲ್ಲಿಡಿ. ಅವು ತಾವಾಗಿ ಕ್ಲೌಡ್‌ಗೆ, ಮನೆಯವರೆಲ್ಲ ಬಳಸುವ ಟ್ಯಾಬ್‌ಗೆ ಹೋಗುತ್ತಿವೆಯೇ ನೋಡಿಕೊಳ್ಳಿ. ಫೋನನ್ನು ರಿಪೇರಿಗೆ ಕೊಡುವ ಮೊದಲು ಬೇರೆಡೆಗೆ ಸಾಗಿಸಿ.
* ಬಟ್ಟೆಯಿಲ್ಲದ ಚಿತ್ರಗಳಿಗೆ ಪೆನ್ಸಿಲ್, ಕಾಗದವೇ ಹೆಚ್ಚು ಕ್ಷೇಮ. 18 ತುಂಬದವರು ಅಂಥ ಫೋಟೊ ತೆಗೆಯಲೇಬಾರದು, ಅವರಿಂದ ಯಾರೂ ಕೇಳಲೂಬಾರದು.
* ಒಬ್ಬರ ಖಾಸಗಿ ಅಂಗಗಳ ಚಿತ್ರವನ್ನು ಒಪ್ಪಿಗೆಯಿಲ್ಲದೆ ತೆಗೆಯುವುದು, ಹಂಚುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಇ ಕಲಮಿನಡಿ ಅಪರಾಧ. 3 ವರ್ಷದವರೆಗೆ ಜೈಲು ಶಿಕ್ಷೆಯಿದೆ. ದೂರಿಗೆ ಸೈಬರ್ ಸಹಾಯವಾಣಿ 1930. ಸ್ಟಾಪ್ ಎನ್‌ಸಿಐಐ ಎಂಬ ಉಚಿತ ಸೇವೆಯಲ್ಲಿ ವಯಸ್ಕರು ಚಿತ್ರವನ್ನು ಎಲ್ಲಿಗೂ ಕಳಿಸದೆ, ಅದರ ಡಿಜಿಟಲ್ ಗುರುತನ್ನಷ್ಟೇ ಕೊಟ್ಟು, ಅದು ಸೇವೆಗೆ ಸೇರಿದ ಜಾಲತಾಣಗಳಲ್ಲಿ ಹರಡದಂತೆ ತಡೆಯಲು ಕೋರಬಹುದು.
* ಕನ್ನಡಿ ನೋಡುವುದರಲ್ಲೇ ದಿನದ ಗಂಟೆಗಳು ಕಳೆಯುತ್ತಿದ್ದರೆ, ಮೈಯ ಯಾವುದೋ ಊನದ ಯೋಚನೆಯಿಂದ ಹೊರಗೆ ಹೋಗುವುದೇ ನಿಂತಿದ್ದರೆ, ಊಟ ಬಿಡುತ್ತಿದ್ದರೆ ಸ್ವಚಿತ್ರದ ಅಭ್ಯಾಸ ನಿಲ್ಲಿಸಿ ಮನೋವೈದ್ಯರನ್ನು ಕಾಣಿ. ಟೆಲಿ ಮಾನಸ್ ಸಹಾಯವಾಣಿ 14416 ಉಚಿತ, ಹಗಲಿರುಳೂ ಇರುತ್ತದೆ, ಕನ್ನಡದಲ್ಲಿ ಮಾತಾಡಬಹುದು.

ಒಬ್ಬರೇ ಮಾಡಲು ಬೇಸರವಾದರೆ ಮೂರುನಾಲ್ಕು ಗೆಳತಿಯರು, ಗೆಳೆಯರು ಸೇರಿ. ಬೆಂಗಳೂರಿನವರಾದರೆ ಮಾಣಿಕ್ಯವೇಲು ಭವನದ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯಕ್ಕೆ, ಮೈಸೂರಿನವರಾದರೆ ರವಿವರ್ಮನ ಚಿತ್ರಗಳಿರುವ ಜಗನ್ಮೋಹನ ಅರಮನೆಗೆ ಹೋಗಿ, ಬೇರೆ ಬೇರೆ ಕಾಲದವರು ಮನುಷ್ಯರ ಮೈಯನ್ನು ಹೇಗೆಲ್ಲ ನೋಡಿದ್ದಾರೆ ಎಂದು ನೋಡಿ ಬನ್ನಿ. ಆಮೇಲೆ ಈ ವಾರದಿಂದಲೇ ಶುರು ಮಾಡಿ: ನೆರಳಿನಿಂದ. ವರ್ಷ ಮುಗಿಯುವಾಗ ಹನ್ನೆರಡು ಪ್ರಿಂಟುಗಳಿರುತ್ತವೆ. ಅಷ್ಟರಲ್ಲಿ ನಿಮ್ಮ ಮೈಯ ಬಗ್ಗೆ ನಿಮ್ಮ ಅಭಿಪ್ರಾಯ ಬದಲಾಗಿದ್ದರೆ ಸಂತೋಷ. ಬದಲಾಗದಿದ್ದರೂ ಕಿಟಕಿಯ ಬೆಳಕನ್ನು ಬಳಸಲು ಕಲಿತ ಕೈಯೊಂದು ನಿಮ್ಮದಾಗಿರುತ್ತದೆ. ಅದು ನಷ್ಟದ ಬಾಬತ್ತೇನಲ್ಲ.